ಗೂಬೆ ಬಂದಿದೆ ಅಂತ ಫೋನ್ ಬಂದಾಗ

ಜಯನಗರ, ಬನಶಂಕರಿ ಕಡೆ ಗಾಯಗೊಂಡ ಹಕ್ಕಿಗಳನ್ನು ಹಿಡಿದು ಆಸ್ಪತ್ರೆಗೆ ಮುಟ್ಟಿಸುವ ಸ್ವಯಂಸೇವಕ ನಾನು. ಗೂಬೆ ಅಂತ ಬರುವ ಫೋನ್‌ಗಳಲ್ಲಿ ಜಾಸ್ತಿ ಪಾಲಿಗೆ ಹಕ್ಕಿ ಹಿಡಿಯುವ ಕೆಲಸವೇ ಇರುವುದಿಲ್ಲ. ಮನೆಯವರನ್ನು ಸಮಾಧಾನ ಮಾಡಿದರೆ ಸಾಕು.

ಅಪಾರ್ಟ್‌ಮೆಂಟುಗಳಲ್ಲಿ ಕಾಣುವುದು ಹೆಚ್ಚಾಗಿ ಕಣಜ ಗೂಬೆ. ಬಿಳಿ ಮುಖ, ಹೃದಯದ ಆಕಾರ. ಡಕ್ಟ್, ಸಜ್ಜಾ, ಲಿಫ್ಟ್ ರೂಮಿನ ಮೂಲೆ ಎಲ್ಲಾದರೂ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೊಂದು ಮೊಟ್ಟೆ ಇಟ್ಟು, ಮೊದಲನೆಯದು ಬಿದ್ದಾಗಿನಿಂದಲೇ ಕಾವಿಗೆ ಕೂರುವುದರಿಂದ ಮರಿಗಳು ಒಂದೊಂದು ಸೈಜಿನಲ್ಲಿರುತ್ತವೆ. ಹತ್ತಿರ ಹೋದರೆ ಬುಸ್ ಅನ್ನುತ್ತವೆ. ಡಕ್ಟಿನಲ್ಲಿ ಹಾವಿದೆ ಅಂತ ಕರೆದಿದ್ದ ಮನೆಯಲ್ಲಿ ನನಗೆ ಸಿಕ್ಕಿದ್ದು ಈ ಮರಿಗಳೇ.

ಆ ಮನೆಯ ಅಜ್ಜಿಗೆ ಹಾವಾಗಿದ್ದರೂ ಪರವಾಗಿರಲಿಲ್ಲ. "ಗೂಬೆ ಹೊಕ್ಕ ಮನೆ ಬಿಡಬೇಕು ಅಂತಾರಪ್ಪ, ಮೊದಲು ತೆಗೀರಿ" ಅಂದರು. ವಾಚ್‌ಮನ್ ಅಣ್ಣ "ಲಕ್ಷ್ಮಿ ವಾಹನ ಅಲ್ವಾ ಅಜ್ಜಿ, ಇರಲಿ ಬಿಡಿ" ಅಂದ. ನಾನು ಎರಡಕ್ಕೂ ಹೋಗಲಿಲ್ಲ. ಸಜ್ಜಾ ಕೆಳಗೆ ಬಿದ್ದಿದ್ದ ಕಪ್ಪು ಉಂಡೆಯೊಂದನ್ನು ತಂದು ಪೇಪರ್ ಮೇಲೆ ಕಡ್ಡಿಯಿಂದ ಬಿಡಿಸಿದೆ. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಹೀಗೆ ಉಂಡೆ ಮಾಡಿ ಬಾಯಿಂದ ಉಗುಳುತ್ತದೆ. ಒಳಗೆ ಇಲಿಯ ತಲೆಬುರುಡೆಗಳು, ಹಳದಿ ಹಲ್ಲಿನ ಸಮೇತ. ಪಾರ್ಕಿಂಗಿನಲ್ಲಿ ಕಾರಿನ ವೈರ್ ಕಡಿಯುವ ಇಲಿಗಳ ಮೇಲೆ ಇಡೀ ಅಸೋಸಿಯೇಷನ್ನಿಗೆ ಸಿಟ್ಟಿತ್ತು. ಕಾರ್ಯದರ್ಶಿ ಆ ಬುರುಡೆಗಳ ಫೋಟೋ ತೆಗೆದು ಅಲ್ಲೇ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಜ್ಜಿ ಪೂರ್ತಿ ಒಪ್ಪಲಿಲ್ಲ, ಆದರೆ "ಎಷ್ಟು ದಿನ?" ಅಂತ ಕೇಳಿದರು. ಮೊಟ್ಟೆಯೊಡೆದು ಎರಡು ತಿಂಗಳ ಹೊತ್ತಿಗೆ ಮರಿಗಳು ಹಾರುತ್ತವೆ. ಅವು ಹೋದ ಮೇಲೆ ಡಕ್ಟಿಗೆ ಬಲೆ ಹಾಕಿಸಿಕೊಳ್ಳಿ ಅಂತ ಹೇಳಿ ಬಂದೆ.

ಹಾಲಕ್ಕಿ ಇನ್ನೂ ಸುಲಭ. ಬುಡುಬುಡಿಕೆಯವರು "ಹಾಲಕ್ಕಿ ನುಡೀತೈತೆ" ಅಂತಾರಲ್ಲ, ಆ ಚುಕ್ಕೆ ಚುಕ್ಕೆಯ ಪುಟ್ಟ ಗೂಬೆ. ಪೊಟರೆಯಿಂದ ಬಿದ್ದ ಮರಿಗೆ ಗಾಯವಿಲ್ಲದಿದ್ದರೆ ಅದೇ ಮರದ ಎತ್ತರದ ಕೊಂಬೆಗೆ ಏರಿಸಿ, ದೂರ ನಿಂತು ಸಂಜೆ ತನಕ ನೋಡುತ್ತೇನೆ. ಮನುಷ್ಯ ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದೆಲ್ಲ ಸುಳ್ಳು. ಕತ್ತಲಾಗುತ್ತಲೇ ಹುಳ ಹಿಡಿದುಕೊಂಡು ಬರುತ್ತದೆ.

ನಿಜವಾಗಿ ಓಡಬೇಕಾಗುವುದು ಆಷಾಢದ ಗಾಳಿಯಲ್ಲಿ, ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕ ಹದ್ದುಗಳಿಗೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಮರಗಳಲ್ಲಿ ಮಾತ್ರ ಇನ್ನೂ ನೇತಾಡುತ್ತಲೇ ಇದೆ. ಹತ್ತಿ ದಾರವಾದರೆ ಮಳೆ ಬಿಸಿಲಿಗೆ ಕೊಳೆಯುತ್ತದೆ, ಇದು ಕೊಳೆಯುವುದಿಲ್ಲ. ಹಕ್ಕಿ ಒದ್ದಾಡಿದಷ್ಟೂ ರೆಕ್ಕೆಯ ಚರ್ಮ, ಸ್ನಾಯು ಕೊಯ್ದುಕೊಂಡು ಹೋಗುತ್ತದೆ. ನಾನು ದಾರ ಎಳೆಯುವುದಿಲ್ಲ. ಎರಡೂ ಕಡೆ ಗೇಣುದ್ದ ಬಿಟ್ಟು ಕತ್ತರಿಸುತ್ತೇನೆ. ಮಾಂಸದೊಳಗೆ ಹೋಗಿರುವುದನ್ನು ವೈದ್ಯರೇ ತೆಗೆಯಬೇಕು.

ಹಿಡಿಯುವಾಗ ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ. ಹೆದರಬೇಕಾದ್ದು ಉಗುರಿಗೆ. ದಪ್ಪ ಟವೆಲನ್ನು ಹಿಂದಿನಿಂದ ತಲೆ ಮುಚ್ಚುವ ಹಾಗೆ ಹೊದಿಸುತ್ತೇನೆ. ಕಣ್ಣಿಗೆ ಕತ್ತಲಾದರೆ ಅರ್ಧ ಗಲಾಟೆ ನಿಲ್ಲುತ್ತದೆ. ಆಮೇಲೆ ರೆಕ್ಕೆಗಳನ್ನು ಮೈಗೆ ಒತ್ತಿ ಮಡಿಸಿ, ಎರಡೂ ಕಾಲುಗಳನ್ನು ಪಂಜದ ಮೇಲ್ಭಾಗದಲ್ಲಿ ಹಿಡಿಯುವುದು. ಅಕಸ್ಮಾತ್ ಉಗುರು ಕೈಗೆ ಕಚ್ಚಿಕೊಂಡರೆ ಕಿತ್ತುಕೊಳ್ಳಲು ಹೋಗಬಾರದು. ಕಾಲು ಮಡಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಕಾಲನ್ನು ಮೆಲ್ಲಗೆ ನೇರ ಮಾಡಿದರೆ ಬೆರಳು ಸಡಿಲವಾಗುತ್ತದೆ.

ತೂತು ಮಾಡಿದ ರಟ್ಟಿನ ಡಬ್ಬ, ತಳಕ್ಕೆ ಹಳೇ ಬಟ್ಟೆ, ಕತ್ತಲು, ಸದ್ದಿಲ್ಲದ ಕೋಣೆ, ಅಷ್ಟೇ. ಹಾಲು ಬೇಡ, ಅನ್ನ ಬೇಡ. ಬಸವನಗುಡಿಯ ಒಂದು ಮನೆಯಲ್ಲಿ ಹದ್ದಿನ ಮುಂದೆ ಮೊಸರನ್ನ ಇಟ್ಟು, ಅದು ತಿನ್ನಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರು! ಬಾಯಿಗೆ ನೀರು ಬಿಡುವುದಂತೂ ಬೇಡವೇ ಬೇಡ. ಹಕ್ಕಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ, ನೀರು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಡಬ್ಬವನ್ನು ಕೆಂಗೇರಿ ಹತ್ತಿರದ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಗೆ ಒಯ್ಯುತ್ತೇನೆ. "ಮರಿ ಚೆನ್ನಾಗಿದೆ, ನಾವೇ ಸಾಕ್ತೀವಿ" ಅನ್ನುವವರಿಗೆ 1972ರ ವನ್ಯಜೀವಿ ಕಾಯ್ದೆ ನೆನಪಿಸುತ್ತೇನೆ. ಗೂಬೆ, ಹದ್ದು, ಗರುಡ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ವರ್ಷದ ಮೊದಲ ತಿಂಗಳುಗಳಲ್ಲಿ ಬರುವ ದೂರು ಬೇರೆ. ತಾರಸಿಗೆ ಹೋದರೆ ಹದ್ದು ತಲೆಗೆ ಎರಗುತ್ತೆ ಅಂತ. ಪಕ್ಕದ ತೆಂಗಿನ ಮರದಲ್ಲೋ ಮೊಬೈಲ್ ಟವರಿನಲ್ಲೋ ಗೂಡಿರುತ್ತದೆ. ಅದು ಬರುವುದು ಸಾಮಾನ್ಯವಾಗಿ ಹಿಂದಿನಿಂದ, ಬೆನ್ನು ತಿರುಗಿಸಿದಾಗ. ಗೂಡು ಕೀಳಿಸಬೇಡಿ, ಮರಿ ಹಾರುವವರೆಗೆ ಛತ್ರಿ ಹಿಡಿದು ಹೋಗಿ ಅನ್ನುತ್ತೇನೆ. ಪದ್ಮನಾಭನಗರದಲ್ಲಿ ಒಬ್ಬರು ಅಂಕಲ್ ಹೆಲ್ಮೆಟ್ ಹಾಕಿಕೊಂಡೇ ಬಟ್ಟೆ ಒಣಹಾಕುತ್ತಾರೆ. ಛತ್ರಿಗಿಂತ ಅದೇ ವಾಸಿ, ಎರಡೂ ಕೈ ಖಾಲಿ ಇರುತ್ತವೆ.