ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್‌ಗೆ ಒಗ್ಗಿದ ಆಂಪ್ಲಿಫೈಯರ್: ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಯ ಹಳೆಯ ಕ್ವಾಡ್ ಕಂಪನಿಯ ಎಲೆಕ್ಟ್ರೋಸ್ಟಾಟಿಕ್ (ವಿದ್ಯುದಾವೇಶದ ಬಲದಿಂದ ತೆಳುಹಾಳೆಯನ್ನು ಕಂಪಿಸಿ ನಾದ ಹೊಮ್ಮಿಸುವ) ಸ್ಪೀಕರ್‌ಗಳಲ್ಲಿ ಪಿಟೀಲಿನ ತಾರಸ್ಥಾಯಿಯ ಸ್ವರಗಳು ಬಂದಾಗಲೆಲ್ಲ ನಾದ ಕರ್ಕಶವಾಗಿ, 100 ವಾಟ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನೊಳಗಿನ ರಿಲೇ (ಅಪಾಯ ಕಂಡಾಗ ತಾನಾಗಿ ತೆರೆದುಕೊಳ್ಳುವ ಸ್ವಿಚ್) ‘ಟಕ್’ ಎಂದು ಸಂಪರ್ಕ ಕಡಿಯುತ್ತಿತ್ತು. ಮಳೆಗಾಲದ ತೇವವೇ ಕಾರಣವೆಂದು ನಂಬಿದ್ದೆ. ಬೇಸಿಗೆಯಲ್ಲೂ ಹಾಗೆಯೇ ಆಯಿತು.

ಈ ಸ್ಪೀಕರ್ ಬಹುಮಟ್ಟಿಗೆ ಕೆಪಾಸಿಟರ್‌ನಂತೆ (ವಿದ್ಯುದಾವೇಶ ಹಿಡಿದಿಡುವ ಬಿಡಿಭಾಗದಂತೆ) ವರ್ತಿಸುವುದರಿಂದ, ಕಂಪನಾಂಕ ಏರಿದಂತೆ ಅದರ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಇಳಿಯುತ್ತ, 1957ರ ಈ ಮಾದರಿಯಲ್ಲಿ ಮೇಲಿನ ತುದಿಗೆ 2 ಓಮ್‌ನ ಆಸುಪಾಸಿಗೆ ಬರುತ್ತದೆ. ಆಗ ಆಂಪ್ಲಿಫೈಯರ್‌ನಿಂದ ಹೆಚ್ಚು ವಿದ್ಯುತ್ ಹರಿಯಬೇಕಾಗುವುದರಿಂದಲೇ ರಿಲೇ ಸಂಪರ್ಕ ಕಡಿಯುತ್ತಿತ್ತು. 8 ಓಮ್‌ಗೆ ಬರೆದ ವಾಟ್ ಲೆಕ್ಕವನ್ನಷ್ಟೇ ನೋಡಿ ಆಂಪ್ಲಿಫೈಯರ್ ಕೊಂಡದ್ದು ನನ್ನ ತಪ್ಪು. ಮೇಲಾಗಿ ಈ ಸ್ಪೀಕರ್ ತಾಳುವುದು ಸುಮಾರು 33 ವೋಲ್ಟ್‌ನ ಶಿಖರವನ್ನು ಮಾತ್ರ. 8 ಓಮ್‌ಗೆ 100 ವಾಟ್ ಎಂದರೆ 40 ವೋಲ್ಟ್‌ನ ಶಿಖರ.

ಕೊನೆಗೆ, ಕೆಪಾಸಿಟರ್‌ನಂಥ ಹೊರೆಯಲ್ಲೂ ಸ್ಥಿರವಾಗಿ ನಿಲ್ಲುವ 15 ವಾಟ್‌ನ ವಾಲ್ವ್ (ನಿರ್ವಾತ ನಳಿಕೆಯ) ಆಂಪ್ಲಿಫೈಯರ್ ಜೋಡಿಸಿದೆ. ಈಗ ಕಮಾನು ತಂತಿಗೆ ತಾಗುವ ಮೃದುವಾದ ಉಜ್ಜು ಸಹ ಸ್ಪಷ್ಟವಾಗಿ ಕೇಳುತ್ತದೆ.