ನನ್ನ ಪೇಪರ್‌ಗಳ ಪಟ್ಟಿಯನ್ನು ನಾನೇ ಸರಿ ಮಾಡಿಕೊಂಡಿದ್ದು

ಬಡ್ತಿಯ ಅರ್ಜಿ ತುಂಬಲು ಕುಳಿತ ದಿನ ಸಂಶೋಧನಾ ಪೇಪರ್‌ಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತಾಣದಲ್ಲಿ ನನ್ನ ಪುಟ ತೆರೆದೆ. ಅದರಲ್ಲಿ ಮೀನಿನ ಆಹಾರದ ಬಗ್ಗೆ ಒಂದು ಪೇಪರ್ ಇತ್ತು, ಸಿಮೆಂಟಿನ ಬಗ್ಗೆ ಇನ್ನೊಂದು. ನಾನು ಮಕ್ಕಳ ವೈದ್ಯೆ. ಹುಟ್ಟಿನಿಂದಲೇ ಬರುವ ಮೆಟಬಾಲಿಕ್ ಕಾಯಿಲೆಗಳು (ದೇಹದೊಳಗಿನ ರಾಸಾಯನಿಕ ಕ್ರಿಯೆ ಕೆಡುವ ಕಾಯಿಲೆಗಳು), ಅವುಗಳ ಹಿಂದಿರುವ ಜೀನ್‌ಗಳು ನನ್ನ ಕೆಲಸ. ನನ್ನದೇ ಹೆಸರಿನ ಬೇರೆಯವರ ಸೈಟೇಶನ್‌ಗಳು, ಅಂದರೆ ಅವರ ಪೇಪರ್‌ಗಳನ್ನು ಇತರರು ತಮ್ಮ ಪೇಪರ್‌ಗಳಲ್ಲಿ ಉಲ್ಲೇಖಿಸಿದ ಲೆಕ್ಕ, ನನ್ನ ಲೆಕ್ಕಕ್ಕೆ ಸೇರಿ, ಸೈಟೇಶನ್ ನೋಡಿ ಕೊಡುವ ಎಚ್-ಇಂಡೆಕ್ಸ್ ಎಂಬ ಅಂಕ ಏರಿತ್ತು. ಇನ್ನೊಬ್ಬರ ದುಡಿಮೆ ತೋರಿಸಿ ಬಡ್ತಿ ಕೇಳುವುದು ನನ್ನಿಂದ ಆಗುವ ಕೆಲಸವಲ್ಲ.

ತೊಂದರೆಯ ಮೂಲ ಹೆಸರು. ನಮ್ಮ ಕಡೆ ಊರಿಗೊಂದು, ಅಪ್ಪನಿಗೊಂದು ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಜರ್ನಲ್‌ಗಳು ಸರ್‌ನೇಮ್ ಕೇಳುತ್ತವೆ. ಒಮ್ಮೆ ಅಪ್ಪನ ಹೆಸರು ಕೊಟ್ಟೆ, ಇನ್ನೊಮ್ಮೆ ಊರಿನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಹೀಗೆ ನನ್ನ ಕೆಲಸ ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಮೂರು ಹೆಸರುಗಳಿಗೆ ಹಂಚಿಹೋಗಿತ್ತು.

ಮೂರೂ ಹೆಸರು ಹಾಕಿ ಹುಡುಕಿದೆ. ಹೆಸರು ಹೊಂದಿದರೆ ಸಾಲದು, ಜೊತೆಗೆ ಬರೆದವರು ಯಾರು, ಕಾಲೇಜು ಯಾವುದು ಅಂತ ಒಂದೊಂದನ್ನೂ ತೆರೆದು ನೋಡಿದೆ. ನನ್ನದೇ ಅಂತ ಖಾತ್ರಿಯಾದವುಗಳ ಡಿಒಐ (ಪ್ರತಿ ಪೇಪರ್‌ಗೂ ಇರುವ ಗುರುತು ಸಂಖ್ಯೆ) ಒಂದು ಎಕ್ಸೆಲ್ ಶೀಟಿಗೆ ಹಾಕಿದೆ. ಒಂದು ವಾರ ರಾತ್ರಿ ಇದೇ ಕೆಲಸ. ಆಮೇಲೆ ಆರ್ಕಿಡ್ ಐಡಿ ಮಾಡಿಸಿದೆ. 2012ರಲ್ಲಿ ಶುರುವಾದ ವ್ಯವಸ್ಥೆ ಅದು. ಪ್ರತಿ ಸಂಶೋಧಕರಿಗೂ 16 ಅಂಕಿಗಳ ಒಂದು ಗುರುತು, ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಸೈಟೇಶನ್ ಎಣಿಸುವ ಇನ್ನೊಂದು ಡೇಟಾಬೇಸ್ ಸ್ಕೋಪಸ್‌ಗೆ ಮೂರು ಪ್ರೊಫೈಲ್‌ಗಳನ್ನು ಒಂದು ಮಾಡಿ ಅಂತ ಕೋರಿಕೆ ಕಳಿಸಿದೆ. ಸ್ಕಾಲರ್‌ನಲ್ಲಿ ಪೇಪರ್‌ಗಳು ತಾವಾಗಿಯೇ ಸೇರಿಕೊಳ್ಳುವ ಸೆಟ್ಟಿಂಗ್ ಆಫ್ ಮಾಡಿದೆ. ಇದನ್ನು ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಈಗ ನನ್ನ ಪಿಜಿ ವಿದ್ಯಾರ್ಥಿಗಳಿಗೆ ಮೊದಲ ಪೇಪರ್ ಕಳಿಸುವ ಮುಂಚೆಯೇ ಆರ್ಕಿಡ್ ಮಾಡಿಸುತ್ತೇನೆ.

ಬೇರೆಯವರ ಪೇಪರ್‌ಗಳು ಹೋದ ಮೇಲೆ ಎಚ್-ಇಂಡೆಕ್ಸ್ ಇಳಿಯಿತು. ಎಚ್-ಇಂಡೆಕ್ಸ್ 10 ಇದೆ ಅಂದರೆ ಕನಿಷ್ಠ 10 ಸೈಟೇಶನ್ ಬಂದ 10 ಪೇಪರ್ ಇವೆ ಅಂತ, ಅಷ್ಟೇ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ತಂದ ಲೆಕ್ಕ ಇದು. ಸ್ಕಾಲರ್‌ನಲ್ಲಿ ಥೀಸಿಸ್‌ಗಳೂ ಎಣಿಕೆಗೆ ಬರುವುದರಿಂದ ಸಂಖ್ಯೆ ಸಾಮಾನ್ಯವಾಗಿ ಜಾಸ್ತಿ, ಸ್ಕೋಪಸ್‌ನಲ್ಲಿ ಕಮ್ಮಿ. ಹಾಗಾಗಿ ಯಾವುದರಿಂದ, ಯಾವ ದಿನ ತೆಗೆದದ್ದು ಅಂತಲೂ ಅರ್ಜಿಯಲ್ಲಿ ಬರೆದೆ.

ನಿಜವಾಗಿ ಯೋಚನೆಗೆ ಹಚ್ಚಿದ್ದು ಬೇರೆ ಎರಡು ಪೇಪರ್‌ಗಳು. ಒಂದು, ಡಯಾಬಿಟಿಸ್ ಜೀನ್‌ಗಳ ದೊಡ್ಡ ಅಧ್ಯಯನ. ನೂರಾರು ಲೇಖಕರು, ಅವರಲ್ಲಿ ನಾನೂ ಒಬ್ಬಳು. ನಮ್ಮ ತಂಡ ರಕ್ತದ ಸ್ಯಾಂಪಲ್ ತೆಗೆದು, ತೂಕ ಎತ್ತರ ಅಳೆದು ಕೊಟ್ಟಿತ್ತು. ನನ್ನ ಸೈಟೇಶನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ತೆಗೆದುಹಾಕಿದರೆ ಬಿಸಿಲಲ್ಲಿ ಹಳ್ಳಿ ಸುತ್ತಿದ ನಮ್ಮ ನರ್ಸ್‌ಗಳಿಗೆ ಅನ್ಯಾಯ. ಸುಮ್ನೆ ಬಿಟ್ಟರೆ ವಿಶ್ಲೇಷಣೆಯೂ ನನ್ನದೇ ಅಂದ ಹಾಗಾಗುತ್ತದೆ. ಪಕ್ಕದಲ್ಲಿ ಒಂದು ಸಾಲು ಬರೆದೆ: ‘ಸ್ಯಾಂಪಲ್ ಮತ್ತು ಕ್ಲಿನಿಕಲ್ ಮಾಹಿತಿ ಮಾತ್ರ.’

ಇನ್ನೊಂದು, ಅಣ್ಣ ತಂಗಿಯ ಬಗ್ಗೆ ಬರೆದ ಪುಟ್ಟ ಕೇಸ್ ರಿಪೋರ್ಟ್. ತಾಯಿ ಸೋದರಮಾವನನ್ನೇ ಮದುವೆಯಾಗಿದ್ದರು. ಮಕ್ಕಳಿಬ್ಬರಿಗೂ ಕಣ್ಣಿನ ಲೆನ್ಸ್ ಜಾರಿತ್ತು. ಪರೀಕ್ಷೆಯಲ್ಲಿ ಹೋಮೋಸಿಸ್ಟಿನ್ಯೂರಿಯಾ (ಹೋಮೋಸಿಸ್ಟೀನ್ ಎಂಬ ವಸ್ತು ದೇಹದಲ್ಲಿ ಹೆಚ್ಚಾಗುವ ಕಾಯಿಲೆ) ಅಂತ ತಿಳಿಯಿತು. ಈ ಕಾಯಿಲೆ ಕೆಲವರಲ್ಲಿ ಬಿ6 ವಿಟಮಿನ್‌ಗೆ ಬಗ್ಗುತ್ತದೆ, ಇವರಲ್ಲೂ ಬಗ್ಗಿತು. ಈ ಪೇಪರ್‌ಗೆ ಬಂದ ಸೈಟೇಶನ್ 4.

ಅಪರೂಪದ ಕಾಯಿಲೆಯ ಬಗ್ಗೆ ಬರೆಯುವವರೇ ಕಮ್ಮಿ, ಸೈಟ್ ಮಾಡುವವರು ಎಲ್ಲಿಂದ ಬರಬೇಕು? ಮೂತ್ರ ಕಪ್ಪಾಗುವ ಅಲ್ಕಾಪ್ಟೋನ್ಯೂರಿಯಾ ರಕ್ತಸಂಬಂಧದ ಮದುವೆಯ ಮಕ್ಕಳಲ್ಲಿ ಹೆಚ್ಚು, ಮೆಂಡೆಲ್ ಹೇಳಿದ ಅನುವಂಶೀಯತೆಯ ನಿಯಮಕ್ಕೆ ಅದು ಹೊಂದುತ್ತದೆ ಅಂತ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬರೆದಿದ್ದರು. ದಶಕಗಳ ಕಾಲ ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ಜೀನ್‌ಗೂ ಎನ್‌ಜೈಮ್‌ಗೂ ಇರುವ ನಂಟನ್ನು ತೋರಿಸಿ 1958ರಲ್ಲಿ ನೊಬೆಲ್ ಪಡೆದ ಜಾರ್ಜ್ ಬೀಡಲ್, ಗ್ಯಾರಡ್ ಇದನ್ನು ಮೊದಲೇ ಕಂಡಿದ್ದರು ಅಂತ ತಮ್ಮ ಭಾಷಣದಲ್ಲಿ ಒಪ್ಪಿಕೊಂಡರು.

ನಮ್ಮ ರಿಪೋರ್ಟ್ ಓದಿದ ಬೇರೆ ಜಿಲ್ಲೆಯ ಕಣ್ಣಿನ ಡಾಕ್ಟರೊಬ್ಬರು ಒಂದು ದಿನ ಫೋನ್ ಮಾಡಿದರು. ‘ಮೇಡಂ, ನನ್ನ ಹತ್ರ ಇಂಥದ್ದೇ ಒಂದು ಮಗು ಬಂದಿದೆ. ರಕ್ತ ಎಲ್ಲಿಗೆ ಕಳಿಸಲಿ?’ ಅಂದರು. ಆ ಕರೆ ಯಾವ ಡೇಟಾಬೇಸ್‌ನಲ್ಲೂ ಇಲ್ಲ.

ಅರ್ಜಿಯಲ್ಲಿ ‘ಆಯ್ದ 5 ಪೇಪರ್’ ಅಂತ ಒಂದು ಜಾಗ ಇತ್ತು. ಅಣ್ಣ ತಂಗಿಯ ಆ ರಿಪೋರ್ಟನ್ನೇ ಮೊದಲು ಹಾಕಿದೆ, ಪಕ್ಕದಲ್ಲಿ ಸೈಟೇಶನ್ 4 ಅಂತಲೇ ಬರೆದು.