ವಸಂತದ ಹಿಮದಲ್ಲಿ ಸ್ಕೀ ಯಾನ: ಹೊತ್ತು ನೋಡಿ ಹೊರಡುವುದು ಹೇಗೆ?

ಗುಲ್ಮಾರ್ಗ್‌ನಲ್ಲೋ ಮನಾಲಿಯಲ್ಲೋ ಸ್ಕೀ ಕಲಿತು ಶಿರಸಿಗೋ ಕಾರವಾರಕ್ಕೋ ಮರಳಿ, ಬರುವ ಮಾರ್ಚ್-ಏಪ್ರಿಲ್‌ನಲ್ಲಿ ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಹಂಗಿಲ್ಲದೆ ತಾವೇ ಬೆಟ್ಟ ಹತ್ತಿ ಇಳಿಯಬೇಕೆಂದುಕೊಂಡವರಿಗೆ ಈ ಲೇಖನ.

ಮಳೆಗಾಲದಲ್ಲಿ ಮನೆಯ ಹಿಂದಿನ ಧರೆ ಕುಸಿಯುವುದನ್ನು ಕಂಡವರಿಗೆ ಹಿಮಕುಸಿತದ ಮೂಲತತ್ತ್ವವನ್ನು ವಿವರಿಸಬೇಕಾಗಿಲ್ಲ. ನೀರು ಒಳಗಿಳಿದಂತೆ ತೂಕ ಹೆಚ್ಚುತ್ತದೆ, ಹಿಡಿತ ಸಡಿಲಾಗುತ್ತದೆ. ಆದರೆ ನಮ್ಮ ಗುಡ್ಡದ ಮಣ್ಣು ದಿನಗಟ್ಟಲೆ ಮಳೆ ಕುಡಿದು ತಲುಪುವ ಸ್ಥಿತಿಯನ್ನು ವಸಂತದ ಹಿಮವು ಬೆಳಗಿನಿಂದ ಮಧ್ಯಾಹ್ನದೊಳಗೆ ತಲುಪಬಲ್ಲದು, ಮತ್ತು ರಾತ್ರಿ ಹೆಪ್ಪುಗಟ್ಟಿ ಮರುದಿನ ಪುನಃ ಗಟ್ಟಿಯಾಗಿ ನಿಲ್ಲಬಲ್ಲದು.

ಆದ್ದರಿಂದ ಸಿದ್ಧತೆ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಹೊರಸೂಸಿ, ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಕವಿದರೆ ಕಂಬಳಿ ಹೊದಿಸಿದಂತಾಗಿ ಆ ಶಾಖ ಅಲ್ಲೇ ಉಳಿಯುತ್ತದೆ. ನಸುಕಿನಲ್ಲೆದ್ದು ಹಿಮವನ್ನು ಬೂಟಿನಿಂದ ಬಲವಾಗಿ ತುಳಿದು ನೋಡಿ. ಗುರುತೇ ಮೂಡದಿದ್ದರೆ ಹೊರಡಬಹುದು. ಮೇಲ್ಪದರ ಹಪ್ಪಳದಂತೆ ಮುರಿದು ಕೆಳಗೆ ಒದ್ದೆ ಹಿಮ ಸಿಕ್ಕರೆ ಆ ದಿನದ ಯಾನ ಕೈಬಿಡುವುದೇ ಸರಿ. ಎಷ್ಟು ದೂರದಿಂದ ಬಂದಿದ್ದೇವೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರಬಾರದು.

ಬಳಿಕ ಇಳಿಜಾರು. ಹಿಮದ ಪದರವೇ ಇಡಿಯಾಗಿ ಹಲಗೆಯಂತೆ ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಹುಟ್ಟುತ್ತವೆ. ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನಿಟ್ಟು ಕೋನ ಅಳೆಯಬಹುದು. ಅಭ್ಯಾಸಕ್ಕೆ ಮನೆಯ ಹಂಚಿನ ಮಾಡೇ ಸಾಕು. ನೀವು ಸಾಗುವ ದಾರಿ ಸಪಾಟಾಗಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರೋ, ದಿಬ್ಬದಂಚಿನಿಂದ ಸೂರಿನಂತೆ ಚಾಚಿದ ಹಿಮವೋ ಇದ್ದರೆ ಅಪಾಯ ನಿಮ್ಮದೇ.

ಬಿಸಿಲು ಮೊದಲು ಪೂರ್ವದ ಮಗ್ಗುಲನ್ನು, ನಂತರ ದಕ್ಷಿಣವನ್ನು, ಕೊನೆಗೆ ಪಶ್ಚಿಮವನ್ನು ಮೆದುಗೊಳಿಸುವುದರಿಂದ ಇಳಿಯುವ ಕ್ರಮವೂ ಹಾಗೆಯೇ ಇರಲಿ. ಗಟ್ಟಿ ತಳದ ಮೇಲೆ ಎರಡು-ಮೂರು ಸೆಂಟಿಮೀಟರಿನಷ್ಟು ಮಾತ್ರ ಸಡಿಲಾಗಿ, ಕಾಳುಗಳು ಸಾಣಿಕಟ್ಟಾದ ಹರಳುಪ್ಪಿನಂತೆ ಅಂಗೈಯಲ್ಲಿ ಬಿಡಿಬಿಡಿಯಾಗಿ ಉರುಳುವ ಹೊತ್ತೇ ಇಳಿಯಲು ಪ್ರಶಸ್ತ. ಅದೇ ಹಿಮವನ್ನು ಹಿಂಡಿದಾಗ ನೀರು ತೊಟ್ಟಿಕ್ಕಿದರೆ, ಬೂಟು ಪಾದದ ಗಂಟು ಮುಳುಗುವಷ್ಟು ಹೂತರೆ, ಉಂಡೆಗಳು ತಾವಾಗಿ ಉರುಳತೊಡಗಿದರೆ ಹೊತ್ತು ಮೀರಿದೆಯೆಂದೇ ಅರ್ಥ. ತಡಮಾಡದೆ ನೆರಳಿನ, ಕಡಿಮೆ ಇಳಿಜಾರಿನ ಕಡೆ ಸರಿಯಬೇಕು. ಹೊಸ ಹಿಮ ಬಿದ್ದ ಮೇಲಿನ ಮೊದಲ ಬಿಸಿಲಿನ ದಿನವಂತೂ ಹೊರಗೆ ಎಷ್ಟೇ ಚಂದ ಕಂಡರೂ ನಂಬತಕ್ಕದ್ದಲ್ಲ. ಹಿಮಾಲಯಕ್ಕೆ ಡಿಆರ್‌ಡಿಒದ ಹಿಮಕುಸಿತ ಸಂಸ್ಥೆಯಾದ ಡಿಜಿಆರ್‌ಇ ನೀಡುವ ಮುನ್ಸೂಚನೆಯನ್ನೂ ಓದಿಕೊಳ್ಳಿ.

ಹಿಮದಡಿ ಹೂತವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆದರೆ ಬಹುಪಾಲು ಬದುಕುತ್ತಾರೆ, ಆಮೇಲೆ ಆ ಸಾಧ್ಯತೆ ಭರದಿಂದ ಕುಸಿಯುತ್ತದೆ. ಅಷ್ಟರೊಳಗೆ ಕೈಗೆ ಸಿಗುವವರು ಜೊತೆಗಾರರು ಮಾತ್ರ. ಆದಕಾರಣ ಪ್ರತಿಯೊಬ್ಬರಲ್ಲೂ 457 ಕಿಲೋಹರ್ಟ್ಸ್‌ನ ಬೀಕನ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಇರಬೇಕು. ಅನುಮಾನದ ಜಾಗವನ್ನು ಒಬ್ಬೊಬ್ಬರಾಗಿಯೇ ದಾಟಬೇಕು. ಕೋನ ಅಳೆದ ಅದೇ ಫೋನು ಬೀಕನ್‌ನ ಸಂಕೇತಕ್ಕೆ ಅಡ್ಡಿಯಾಗುವುದರಿಂದ, ಅಳತೆ ಮುಗಿದ ಕೂಡಲೇ ಅದನ್ನು ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರದ ಜೇಬಿಗೆ ಸೇರಿಸಿ, ಹುಡುಕುವ ಸಂದರ್ಭ ಬಂದರೆ ಫೋನನ್ನು ಸ್ವಿಚ್ ಆಫ್ ಮಾಡಿಬಿಡಿ.